1.3 ಮೀಟರಿನ ಕೋಲು: ನೇಪಾಳದ ಬೆಟ್ಟದ ಕಾಡಿನಲ್ಲಿ ನನ್ನ ಅನುಭವ

2013ರ ಚಳಿಗಾಲದಲ್ಲಿ ನಮ್ಮ ಲೆಕ್ಕದ ಪ್ರಕಾರ ಒಂದು ಕಾಡು ತೆಳ್ಳಗಾಯಿತು. ಅಳತೆಗೆಂದು ಕಾಡಿನಲ್ಲಿ ಗುರುತಿಸಿದ 28 ಮಾದರಿ ತಾಕುಗಳಲ್ಲಿ 11ರಲ್ಲಿ ಮರಗಳ ದಪ್ಪ ಹಿಂದಿನ ವರ್ಷಕ್ಕಿಂತ ಕಮ್ಮಿ ಬಂದಿತ್ತು. ಮರ ಸಾಯಬಹುದು. ಯಾರಾದರೂ ಕಡಿದುಕೊಂಡು ಹೋಗಬಹುದು. ಆದರೆ ನಿಂತ ಮರ ನಿಂತಲ್ಲೇ ಸೊರಗುವುದಿಲ್ಲ ಅಲ್ವಾ? ಎರಡು ದಿನ ಕಂಪ್ಯೂಟರ್ ಮುಂದೆ ಕೂತು ಸೂತ್ರಗಳನ್ನೆಲ್ಲ ಜಾಲಾಡಿದೆ. ಸೂತ್ರ ಸರಿಯಾಗಿತ್ತು. ಮೂರನೇ ದಿನ ಕಾಡಿಗೆ ಹೋದೆ. ತಪ್ಪು ನನ್ನದೇ ಅಂತ ಗೊತ್ತಾಗಲು ಒಂದೇ ಒಂದು ತಾಕು ಸಾಕಾಯಿತು.

ಅದನ್ನು ಹೇಳುವ ಮೊದಲು ನಾನು ಅಲ್ಲಿ ಏನು ಮಾಡುತ್ತಿದ್ದೆ ಅಂತ ಹೇಳಿಬಿಡುತ್ತೇನೆ. ಸಣ್ಣ ಯೋಜನೆ. ಹಣ ಹೊರದೇಶದ್ದು, ಕಾಡು ನೇಪಾಳದ ಮಧ್ಯಬೆಟ್ಟಗಳದ್ದು. ಕಾಠ್ಮಂಡುವಿನಿಂದ ಪೂರ್ವಕ್ಕೆ ಒಂದು ದಿನ ಬಸ್ಸು, ಆಮೇಲೆ ಅರ್ಧ ದಿನ ನಡಿಗೆ. ಮೂರು ಊರುಗಳ ಅರಣ್ಯ ಬಳಕೆದಾರರ ಗುಂಪುಗಳು ಸೇರಿ ಸುಮಾರು 600 ಹೆಕ್ಟೇರ್ ಕಾಡು ನೋಡಿಕೊಳ್ಳುತ್ತಿದ್ದವು. ಕೆಳಗೆ ಚಿಲೌನೆ, ಕಟುಸ್ ಮರಗಳು. ಮೇಲೆ ಹೋದಂತೆ ಸಲ್ಲೊ, ಅಂದರೆ ಪೈನ್. ಹಳ್ಳದ ಬದಿಗೆ ಉತ್ತಿಸ್. ನಾನು ಅರಣ್ಯಶಾಸ್ತ್ರ ಓದಿದವನು. ಮರ ಅಳೆಯುವುದನ್ನು ಕಲಿಸುವುದು, ಆ ಅಳತೆಯನ್ನು ಇಂಗಾಲದ ಲೆಕ್ಕಕ್ಕೆ ಇಳಿಸುವುದು, ವರದಿ ಬರೆಯುವುದು ನನ್ನ ಪಾಲಿಗೆ ಬಂದಿತ್ತು. 2012ರಿಂದ 2016ರವರೆಗೆ ಇದ್ದೆ. ಮೊದಲ ವರ್ಷ ನೇಪಾಳಿಗೆ ಹಿಂದಿ ಬೆರೆಸಿ ಹೇಗೋ ತಳ್ಳಿದೆ. ಎರಡನೇ ವರ್ಷದಿಂದ ನನ್ನ ಮಾತು ಕೇಳಿ ನಗುವವರು ಕಮ್ಮಿಯಾದರು.

ಆ ಬೆಟ್ಟಗಳಿಗೆ ಹೊರಗಿನ ಹಣ ಹೊಸದೇನಲ್ಲ. 1957ರಲ್ಲಿ ಅಲ್ಲಿನ ಸರ್ಕಾರ ಖಾಸಗಿ ಕಾಡುಗಳನ್ನು ರಾಷ್ಟ್ರೀಕರಣ ಮಾಡಿತು. ಕಾಯಲು ಸಾಕಷ್ಟು ಜನ ಇರಲಿಲ್ಲ. ತಮ್ಮದಲ್ಲ ಅಂದ ಮೇಲೆ ಊರಿನವರಾದರೂ ಯಾಕೆ ಕಾಯುತ್ತಾರೆ? ಬೆಟ್ಟ ಬೋಳಾಗುತ್ತಾ ಬಂತು. 1978ರಲ್ಲಿ ಊರಿನ ಪಂಚಾಯತಿಗೆ ಕಾಡು ವಹಿಸುವ ನಿಯಮ ಬಂತು. ಅದೇ ವರ್ಷ ಸಿಂಧುಪಾಲ್ಚೋಕ್, ಕಾವ್ರೆಪಲಾಂಚೋಕ್ ಜಿಲ್ಲೆಗಳಲ್ಲಿ ಆಸ್ಟ್ರೇಲಿಯಾ ನೆರವಿನ ಅರಣ್ಯ ಯೋಜನೆ ಶುರುವಾಯಿತು. ಬೋಳು ಗುಡ್ಡದಲ್ಲಿ ಬೇರು ಹಿಡಿಯುವುದು ಪೈನ್ ಒಂದೇ ಅಂತ ಅದನ್ನೇ ಜಾಸ್ತಿ ಹಚ್ಚಿದರು. ಎಮ್ಮೆಗೆ ಮೇವಾಗದ ಮರ, ಒಲೆಗೆ ಹಾಕಿದರೆ ಬರೀ ಹೊಗೆ ಅಂತ ಹೆಂಗಸರು ಬೈದರಂತೆ. ಎಷ್ಟೋ ಕಡೆ ಆ ಪೈನ್ ನೆರಳಲ್ಲೇ ಚಿಲೌನೆ, ಕಟುಸ್ ತಾವಾಗಿ ಹುಟ್ಟಿ ಬಂದವು. ಅದನ್ನು ಯಾರೂ ಹಚ್ಚಿದ್ದಲ್ಲ.

ಆಮೇಲೆ 1993ರ ಅರಣ್ಯ ಕಾಯ್ದೆ. ನೆಲ ಸರ್ಕಾರದ್ದೇ ಇರಲಿ, ಕಾಡಿನ ಹುಟ್ಟುವಳಿ ಬಳಕೆದಾರರ ಗುಂಪಿನದು ಅಂದಿತು. ಬಂದ ಆದಾಯದಲ್ಲಿ ನೂರಕ್ಕೆ 25 ಪಾಲು ಕಾಡಿಗೇ ಖರ್ಚು ಮಾಡಬೇಕಿತ್ತು, ಉಳಿದದ್ದು ಊರಿನ ಕೆಲಸಕ್ಕೆ. ಈಗ ಅಂಥ ಗುಂಪುಗಳು 22,000ಕ್ಕೂ ಹೆಚ್ಚಿವೆ. ಆಸ್ಟ್ರೇಲಿಯಾ ಅಲ್ಲದೆ ಬ್ರಿಟನ್, ಸ್ವಿಟ್ಜರ್ಲೆಂಡ್, ಡೆನ್ಮಾರ್ಕ್ ಹಣವೂ ಬಂತು. ನನ್ನ ಕೇಳಿದರೆ ಆ ಕಾಲದ ಅತ್ಯಂತ ಉಪಯುಕ್ತ ಖರ್ಚು ಸಸಿಯ ಮೇಲೆ ಆದದ್ದಲ್ಲ. ಅರಣ್ಯ ಇಲಾಖೆಯವರನ್ನು ಊರಿನ ಸಭೆಯಲ್ಲಿ ಸುಮ್ನೆ ಕೂರಿಸಿ, ಮಾತು ಕೇಳುವುದನ್ನು ಕಲಿಸಿದ್ದಕ್ಕೆ ಆದ ಖರ್ಚು. ಲಾಠಿ ಹಿಡಿದು ಬರುತ್ತಿದ್ದವರು ಚಾಪೆಯ ಮೇಲೆ ಕೂತು ಚಹಾ ಕುಡಿಯುವಂತಾದದ್ದು ಸಣ್ಣ ಕೆಲಸವಲ್ಲ.

ನಾನು ಹೋಗುವ ಹೊತ್ತಿಗೆ ಹಣದ ಗುಣವೇ ಬದಲಾಗಿತ್ತು. 2007ರಲ್ಲಿ ಬಾಲಿಯಲ್ಲಿ ನಡೆದ ಹವಾಮಾನ ಸಮ್ಮೇಳನದ ನಂತರ ‘ರೆಡ್ ಪ್ಲಸ್’ ಅನ್ನುವ ಮಾತು ಎಲ್ಲರ ಬಾಯಲ್ಲೂ ಇತ್ತು. ಕಾಡು ಉಳಿಸಿ, ಬೆಳೆಸಿ. ಎಷ್ಟು ಇಂಗಾಲ ಹಿಡಿದಿಟ್ಟಿರೋ ಅಷ್ಟಕ್ಕೆ ಹಣ ಪಡೆಯಿರಿ. ಹಿಂದೆ ಸಸಿ ಹಚ್ಚಿದರೆ ದುಡ್ಡು ಬರುತ್ತಿತ್ತು. ಈಗ ಬೆಳೆದದ್ದನ್ನು ತೋರಿಸಿದರೆ ದುಡ್ಡು. ತೋರಿಸಬೇಕಾದರೆ ಅಳೆಯಬೇಕು. ಹಾಗಾಗಿ ನನ್ನಂಥವರಿಗೆ ಕೆಲಸ ಸಿಕ್ಕಿತು.

ಈಗ ಆ ತೆಳ್ಳಗಾದ ಕಾಡಿಗೆ ಬರುತ್ತೇನೆ.

ಮರದ ದಪ್ಪವನ್ನು ನೆಲದಿಂದ 1.3 ಮೀಟರ್ ಎತ್ತರದಲ್ಲಿ ಅಳೆಯುವುದು ರೂಢಿ. ಎದೆಮಟ್ಟ ಅಂತೀವಲ್ಲ, ಅದು. ಇಳಿಜಾರಿನಲ್ಲಿ ನಿಂತ ಮರಕ್ಕೆ ‘ನೆಲ’ ಎಲ್ಲಿದೆ? ಮೇಲಿನ ಬದಿಯಲ್ಲಿ ಒಂದು ನೆಲ, ಕೆಳಗಿನ ಬದಿಯಲ್ಲಿ ಇನ್ನೊಂದು. ಮೇಲಿನ ಬದಿಯಲ್ಲಿ ನಿಂತೇ ಅಳೆಯಬೇಕು ಅನ್ನುವುದು ನಿಯಮ. ಮೊದಲ ವರ್ಷ ಕಾಠ್ಮಂಡುವಿನಿಂದ ಕರೆಸಿದ ನಾಲ್ಕು ಹುಡುಗರಿಗೆ ನಾನು ತರಬೇತಿ ಕೊಟ್ಟದ್ದು ಕಚೇರಿಯ ಅಂಗಳದಲ್ಲಿ. ಅಂಗಳ ಸಪಾಟಾಗಿತ್ತು. ಯಾವ ಬದಿ ಅನ್ನುವ ಪ್ರಶ್ನೆಯೇ ಏಳಲಿಲ್ಲ. ನಾನೂ ಹೇಳಲಿಲ್ಲ. ಎರಡನೇ ವರ್ಷ ಆ ಹುಡುಗರು ಬೇರೆ ಕೆಲಸ ಹಿಡಿದಿದ್ದರು. ಹೊಸ ತಂಡ ಬಂತು, ಅವರು ಬೇರೆಲ್ಲೋ ಸರಿಯಾಗಿ ಕಲಿತವರು.

ಮೂರನೇ ದಿನ ನಾನು ಹೋದ ತಾಕಿಗೆ, ಬಣ್ಣದ ಡಬ್ಬಿ ಹೊತ್ತು ಎರಡೂ ವರ್ಷ ತಂಡದ ಜೊತೆ ಓಡಾಡಿದ ಊರಿನ ಹೆಂಗಸೊಬ್ಬರು ನನ್ನ ಜೊತೆ ಬಂದಿದ್ದರು. ನಾನು ಟೇಪು ಹಿಡಿದು ಮರದ ಸುತ್ತ ಸುತ್ತುವುದನ್ನು ಸ್ವಲ್ಪ ಹೊತ್ತು ನೋಡಿ, ‘ಹೋದ ವರ್ಷದವರು ಕೆಳಗೆ ನಿಂತು ಅಳೆದರು ಸರ್. ಈ ವರ್ಷದವರು ಮೇಲೆ ನಿಂತು ಅಳೆದರು’ ಅಂದರು.

‘ಆಗಲೇ ಯಾಕೆ ಹೇಳಲಿಲ್ಲ ದಿದಿ?’

‘ನನ್ನನ್ನು ಕರೆದದ್ದು ಬಣ್ಣ ಹೊರೋದಕ್ಕೆ. ಓದಿದವರು, ಏನೋ ಕಾರಣ ಇರುತ್ತೆ ಅಂದುಕೊಂಡೆ.’

ಕೆಳಗೆ ನಿಂತರೆ ಟೇಪು ಬುಡದ ಹತ್ತಿರ ಹೋಗುತ್ತದೆ, ಮರ ದಪ್ಪ ಕಾಣುತ್ತದೆ. ಮೇಲೆ ನಿಂತರೆ ತೆಳ್ಳಗೆ. ಅಷ್ಟೇ ವಿಷಯ. ಒಂದು ವರ್ಷದ ಲೆಕ್ಕ ಪೂರ್ತಿ ಹೋಯಿತು. ಹಣ ಕೊಡುವವರಿಗೆ ಪತ್ರ ಬರೆದು ತಪ್ಪೊಪ್ಪಿಕೊಂಡೆ. ಅವರೇನೂ ಬೈಯಲಿಲ್ಲ. ಆದರೆ ಮೊದಲ ವರ್ಷದ್ದನ್ನು ಬಿಟ್ಟು, ಎರಡನೇ ವರ್ಷವನ್ನೇ ಆರಂಭದ ಅಳತೆ ಅಂತ ಹಿಡಿಯಬೇಕಾಯಿತು. ಊರಿನವರ ಪಾಲಿನ ಮೊದಲ ಕಂತು ಒಂದು ವರ್ಷ ಮುಂದಕ್ಕೆ ಹೋಯಿತು. ತಪ್ಪು ನನ್ನದು, ಕಾದವರು ಅವರು.

ಆಮೇಲೆ ಹೊರಗಿನ ತಂಡ ಬೇಡ ಅಂತ ನಿರ್ಧಾರ ಮಾಡಿದೆ. ಊರಿನಿಂದ ಐದು ಜನ. ನಾಲ್ವರು ಹೆಂಗಸರು, ಒಬ್ಬ ಹತ್ತನೇ ತರಗತಿ ಮುಗಿಸಿದ ಹುಡುಗ. ತರಬೇತಿ ಕಾಡಿನಲ್ಲೇ, ಅದೂ ಅತಿ ಕಡಿದಾದ ಜಾಗದಲ್ಲಿ. ನಿಗಾಲೊ ಬಿದಿರಿನಲ್ಲಿ ಸರಿಯಾಗಿ 1.3 ಮೀಟರ್ ಉದ್ದದ ಕೋಲು ಕಡಿದು ಒಬ್ಬೊಬ್ಬರಿಗೆ ಒಂದೊಂದು ಕೊಟ್ಟೆ. ಮರದ ಮೇಲಿನ ಬದಿಯಲ್ಲಿ ತರಗೆಲೆ ಸರಿಸಿ, ಕೋಲನ್ನು ಗಟ್ಟಿ ಮಣ್ಣಿಗೆ ಊರಿ, ತುದಿ ಮುಟ್ಟಿದಲ್ಲಿ ಬಣ್ಣದ ಉಂಗುರ. ಮುಂದಿನ ವರ್ಷ ಅದೇ ಉಂಗುರದ ಮೇಲೆ ಟೇಪು. ವಾಲಿದ ಮರವಾದರೆ ಟೇಪು ಮರಕ್ಕೆ ಅಡ್ಡ ಇರಬೇಕು, ನೆಲಕ್ಕೆ ಸಮಾನಾಂತರವಲ್ಲ. 1.3 ಮೀಟರಿಗಿಂತ ಕೆಳಗೆ ಕವಲೊಡೆದಿದ್ದರೆ ಎರಡು ಮರ ಅಂತ ಲೆಕ್ಕ. ಚಿಲೌನೆ ತೊಗಟೆಯ ವಿಷಯದಲ್ಲಿ ಮಾತ್ರ ಅವರೇ ನನಗೆ ಕಲಿಸಿದರು. ಚಿಲೌನೆ ಅಂದರೆ ನೇಪಾಳಿಯಲ್ಲಿ ತುರಿಸುವುದು ಅಂತಲೇ ಅರ್ಥ. ತೋಳು ಮುಚ್ಚಿಕೊಳ್ಳದೆ ಅಪ್ಪಿ ಅಳೆದರೆ ರಾತ್ರಿಯೆಲ್ಲ ಕೆರೆದುಕೊಳ್ಳಬೇಕು. ಅಷ್ಟು ದಪ್ಪ ಕೈಪಿಡಿಯಲ್ಲಿ ಇದರ ಬಗ್ಗೆ ಒಂದು ಸಾಲೂ ಇರಲಿಲ್ಲ.

ಇನ್ನೊಂದು ತೊಡಕು ತಾಕಿನದು. ದೊಡ್ಡ ಮರಗಳಿಗೆ ನಾವು ಹಾಕುತ್ತಿದ್ದದ್ದು 250 ಚದರ ಮೀಟರಿನ ಗುಂಡು ತಾಕು. ನಡುವೆ ಗೂಟ ಹೊಡೆದು 8.92 ಮೀಟರ್ ಹಗ್ಗ ಸುತ್ತಿಸಿದರೆ ಆಯಿತು. ಅದರೊಳಗೆ ಎಳೆ ಮರಗಳಿಗೆ 5.64 ಮೀಟರಿನ ಇನ್ನೊಂದು ಸುತ್ತು. ಸಪಾಟು ನೆಲದಲ್ಲಿ ಇದು ಸರಿ. ಇಳಿಜಾರಿನಲ್ಲಿ ಹಗ್ಗ ಉದ್ದ ಬಿಡಬೇಕು. 30 ಡಿಗ್ರಿ ಇಳಿಜಾರಾದರೆ ಮೇಲಕ್ಕೂ ಕೆಳಕ್ಕೂ 10.30 ಮೀಟರ್. ಬಿಡದಿದ್ದರೆ ನೂರರಲ್ಲಿ 13 ಪಾಲು ಜಾಗ ಲೆಕ್ಕದಿಂದ ಹೋಗುತ್ತದೆ. ನಾನು ತ್ರಿಕೋನ ಬರೆದು, ಕೋಸೈನ್ ಅಂತೆಲ್ಲ ವಿವರಿಸಿದೆ. ಐದೂ ಜನ ತಲೆಯಾಡಿಸಿದರು. ಒಬ್ಬರಿಗೂ ಅರ್ಥವಾಗಿಲ್ಲ ಅಂತ ನನಗೆ ಗೊತ್ತಾಯಿತು. ದಾರಿಯಲ್ಲಿ ಕೂತಿದ್ದ ಅಜ್ಜ ಒಬ್ಬರು ನಮ್ಮ ಜಗ್ಗಾಟ ನೋಡಿ ಬಗೆಹರಿಸಿದರು. ಇಳಿಜಾರನ್ನು ಕಡಿದು ಮೆಟ್ಟಿಲು ಗದ್ದೆ ಮಾಡಿದರೆ ಎಷ್ಟು ಗದ್ದೆ ಸಿಗುತ್ತೋ ಅಷ್ಟೇ ನಿಜವಾದ ಜಾಗ ಅಂದರು. ಇಳಿಜಾರಿನಲ್ಲಿ ನಡೆದರೆ ಹೆಜ್ಜೆ ಜಾಸ್ತಿ, ಗದ್ದೆ ಕಮ್ಮಿ. ಆಮೇಲೆ ಯಾರೂ ತಪ್ಪಲಿಲ್ಲ.

ಅಷ್ಟೆಲ್ಲ ಪಾಡು ಪಟ್ಟರೆ ಹಣ ಎಷ್ಟು ಬರುತ್ತದೆ? ಇದನ್ನು ಒಂದು ಸಂಜೆ ಬಳಕೆದಾರರ ಸಮಿತಿಯ ಮನೆಯಲ್ಲಿ ಕೂತು ಲೆಕ್ಕ ಹಾಕಿ ತೋರಿಸಬೇಕಾಯಿತು. 20 ಸೆಂಟಿಮೀಟರ್ ಅಡ್ಡಳತೆಯ, 12 ಮೀಟರ್ ಎತ್ತರದ ಒಂದು ಚಿಲೌನೆ ಮರ ತೆಗೆದುಕೊಂಡೆವು. ಸೂತ್ರಕ್ಕೆ ಹಾಕಿದರೆ ನೆಲದ ಮೇಲಿನ ಒಣ ತೂಕ ಸುಮಾರು 169 ಕಿಲೋ. ಅದರಲ್ಲಿ ಇಂಗಾಲ ನೂರಕ್ಕೆ 47ರಂತೆ 79 ಕಿಲೋ. ಗಾಳಿಯ ಇಂಗಾಲದ ಡೈಆಕ್ಸೈಡಿಗೆ ಬದಲಾಯಿಸಿದರೆ 290 ಕಿಲೋ. ಟನ್ನಿಗೆ 5 ಡಾಲರ್ ಅಂತ ಹಿಡಿದರೆ ಒಂದೂವರೆ ಡಾಲರಿಗೂ ಕಮ್ಮಿ. 5 ಡಾಲರ್ ನಾನು ಸುಮ್ನೆ ಹಿಡಿದದ್ದಲ್ಲ. 2009ರಲ್ಲಿ ನಾರ್ವೆ ಗಯಾನಾ ಜೊತೆ ಮಾಡಿಕೊಂಡ ಒಪ್ಪಂದದ ದರ ಅದೇ. ಆಮೇಲೆ ವಿಶ್ವಬ್ಯಾಂಕಿನ ಅರಣ್ಯ ಇಂಗಾಲ ನಿಧಿ 2021ರಲ್ಲಿ ಮೊದಲ ಪಾವತಿ ಮಾಡಿದಾಗಲೂ ಅದೇ ದರ. ಮೊಜಾಂಬಿಕ್‌ಗೆ 12.8 ಲಕ್ಷ ಟನ್ನಿಗೆ 64 ಲಕ್ಷ ಡಾಲರ್ ಕೊಟ್ಟರು.

ಆ ಒಂದೂವರೆ ಡಾಲರೂ ಕೈಗೆ ಬರುವುದಿಲ್ಲ ಅಂತ ಹೇಳಿದಾಗ ಮನೆಯಲ್ಲಿ ಗುಸುಗುಸು ಎದ್ದಿತು. ಅದು ಮರದಲ್ಲಿ ಆಗಲೇ ಇರುವ ಇಂಗಾಲ. ಹಣ ಬರುವುದು ಮುಖ್ಯವಾಗಿ ಹೆಚ್ಚಾದದ್ದಕ್ಕೆ. ಒಂದು ವರ್ಷದಲ್ಲಿ ಅದೇ ಮರ ಅರ್ಧ ಸೆಂಟಿಮೀಟರ್ ದಪ್ಪವಾದರೆ ಹೆಚ್ಚುವ ಡೈಆಕ್ಸೈಡ್ 15 ಕಿಲೋಗೆ ಸ್ವಲ್ಪ ಕಮ್ಮಿ. ಅಂದರೆ ಏಳು ಸೆಂಟ್. ಆ ಅರ್ಧ ಸೆಂಟಿಮೀಟರ್ ಅಡ್ಡಳತೆ ಅಂದರೆ ಟೇಪಿನಲ್ಲಿ ಒಂದೂವರೆ ಸೆಂಟಿಮೀಟರ್ ಚಿಲ್ಲರೆ. ಟೇಪು ಸ್ವಲ್ಪ ಸಡಿಲ ಬಿಟ್ಟರೆ, ಅಥವಾ ಕೆಳಗೆ ಒಂದು ಬಳ್ಳಿ ಸಿಕ್ಕಿಕೊಂಡರೆ ಒಂದು ವರ್ಷದ ಬೆಳವಣಿಗೆ ಬರುತ್ತೆ, ಇಲ್ಲ ಹೋಗುತ್ತೆ. ಸಮಿತಿಯ ಖಜಾಂಚಿ ನಕ್ಕು, ‘ಹಾಗಾದ್ರೆ ಟೇಪು ಬಿಗಿಯೋದರಲ್ಲೇ ಇದೆ ಎಲ್ಲಾ’ ಅಂದರು. ನಾನು ನಗಲಿಲ್ಲ. ಅದು ನಿಜವಾಗಿತ್ತು. ನನ್ನ ಸಂಬಳ, ನನ್ನ ಓಡಾಟ, ಉಪಗ್ರಹದ ಚಿತ್ರ, ಹೊರಗಿನಿಂದ ಬರುವ ಪರಿಶೀಲಕರ ಖರ್ಚು ಎಲ್ಲಾ ಸೇರಿಸಿದರೆ ಊರಿಗೆ ಬರುವ ಹಣಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಆ ಹೋಲಿಕೆಯನ್ನು ಮಾತ್ರ ಅವತ್ತು ನಾನು ಬೋರ್ಡಿನ ಮೇಲೆ ಬರೆಯಲಿಲ್ಲ. ಬರೆಯಬೇಕಿತ್ತು.

ಹಂಚುವ ವಿಷಯಕ್ಕೆ ನಮಗೆ ಒಂದು ಮಾದರಿ ಇತ್ತು. ನಾರ್ವೆ ಹಣದಲ್ಲಿ ದೋಲಖಾ, ಗೋರ್ಖಾ, ಚಿತ್ವನ್ ಜಿಲ್ಲೆಗಳ 105 ಸಮುದಾಯ ಕಾಡುಗಳಲ್ಲಿ ಆಗಲೇ ಒಂದು ಪ್ರಯೋಗ ನಡೆದಿತ್ತು. 2011ರಲ್ಲಿ ಅವರು ಮೊದಲ ಬಾರಿ 95,000 ಡಾಲರ್ ಹಂಚಿದ್ದರು. ಅವರ ಸೂತ್ರ ನನಗೆ ಇಷ್ಟವಾಗಿತ್ತು. ಹಣದ ನೂರಕ್ಕೆ 40 ಪಾಲು ಮಾತ್ರ ಇಂಗಾಲ ನೋಡಿ. ಉಳಿದ 60 ಪಾಲು ಜನರನ್ನು ನೋಡಿ: ಬಡ ಮನೆಗಳು, ದಲಿತರು, ಹೆಂಗಸರು, ಮೂಲನಿವಾಸಿಗಳು ಎಷ್ಟಿದ್ದಾರೆ ಅನ್ನುವುದರ ಮೇಲೆ. ನಮ್ಮ ಮೂರು ಗುಂಪುಗಳ ಸಭೆಯಲ್ಲಿ ಇದನ್ನೇ ಮುಂದಿಟ್ಟೆ.

ಗಲಾಟೆಯಾಯಿತು. ದೊಡ್ಡ ಕಾಡಿರುವ ಗುಂಪಿನವರು, ಇಂಗಾಲಕ್ಕೆ ಹಣ ಅಂದ ಮೇಲೆ ಜಾತಿ ಯಾಕೆ ನೋಡಬೇಕು ಅಂದರು. ಮೇಲ್ನೋಟಕ್ಕೆ ಸರಿಯಾದ ಪ್ರಶ್ನೆಯೇ. ಉತ್ತರ ಕೊಟ್ಟದ್ದು ನಾನಲ್ಲ. ಕಮ್ಮಾರರ ಮನೆಯ ಹೆಂಗಸೊಬ್ಬರು ಹಿಂದಿನ ಸಾಲಿನಿಂದ ಎದ್ದು ನಿಂತರು. ಅವರ ಮನೆಯವರು ಕುಡುಗೋಲು, ಕೊಡಲಿ ತಟ್ಟಿಕೊಡುವವರು. ಕುಲುಮೆಗೆ ಇದ್ದಿಲು ಬೇಕು. ಕಾಡು ಸಮಿತಿಯ ಕೈಗೆ ಬಂದ ದಿನದಿಂದ ಇದ್ದಿಲು ಸುಡುವುದು ನಿಷೇಧ. ‘ನಿಮಗೆಲ್ಲ ಹೊಲದ ಬದುವಿನಲ್ಲಿ ಸ್ವಂತ ಮರ ಇದೆ. ಕಾಡಿಗೆ ಬಾಗಿಲು ಹಾಕಿದರೆ ನಿಮಗೆ ಏನೂ ಆಗಲ್ಲ. ಮರ ದಪ್ಪವಾಗಿದ್ದು ನಮ್ಮ ಕುಲುಮೆ ತಣ್ಣಗಾಗಿದ್ದಕ್ಕೆ. ಆ ಹಣದಲ್ಲಿ ನಮ್ಮ ಪಾಲು ಎಷ್ಟು?’ ಅಂದರು. ಅಷ್ಟು ಹೊತ್ತು ಮಾತಾಡಿದವರೆಲ್ಲ ಸುಮ್ಮನಾದರು.

ಸಭೆ ಅವತ್ತು ಮುಗಿಯಲಿಲ್ಲ. ಮೂರು ಸಭೆ ಬೇಕಾಯಿತು. ಕೊನೆಗೆ 40-60ರ ಸೂತ್ರ ಉಳಿಯಿತು. ಅದಕ್ಕಿಂತ ಮುಖ್ಯವಾದದ್ದು, ಒಣಗಿ ಬಿದ್ದ ಮರ ಮತ್ತು ತೆಳುವು ಮಾಡಿದಾಗ, ಅಂದರೆ ಒತ್ತಾಗಿ ಬೆಳೆದ ಮರಗಳಲ್ಲಿ ಕೆಲವನ್ನು ಕಡಿದಾಗ, ಸಿಗುವ ಸಣ್ಣ ಕಟ್ಟಿಗೆಯಿಂದ ವರ್ಷಕ್ಕೆ ಇಷ್ಟು ಅಂತ ಇದ್ದಿಲು ಸುಡಲು ಕಮ್ಮಾರರಿಗೆ ಅನುಮತಿ ಸಿಕ್ಕಿತು. ಅದನ್ನು ಕಾರ್ಯಯೋಜನೆಯಲ್ಲಿ ಬರೆದು ಜಿಲ್ಲಾ ಅರಣ್ಯ ಕಚೇರಿಯ ಸಹಿ ಹಾಕಿಸಲು ಎಂಟು ತಿಂಗಳು ಹಿಡಿಯಿತು. ನನ್ನ ವರದಿಯಲ್ಲಿ ಇದಕ್ಕೆ ಕಾಲಂ ಇರಲಿಲ್ಲ. ‘ಇತರೆ’ ಅಂತ ಹಾಕಿದೆ.

ತೆಳುವು ಮಾಡುವುದು ಅಂದೆನಲ್ಲ, ಅದರ ಬಗ್ಗೆ ನನಗೆ ಸ್ವಲ್ಪ ಜಾಸ್ತಿ ಹೇಳುವುದಿದೆ. ಹೊರಗಿನಿಂದ ಬರುವವರಿಗೆ ದಟ್ಟ ಕಾಡು ಕಂಡರೆ ಖುಷಿ. ಫೋಟೋ ಚೆನ್ನಾಗಿ ಬರುತ್ತದೆ. ಊರಿನವರಿಗೂ ಕಡಿದರೆ ಇಲಾಖೆಯವರು ಏನೆನ್ನುತ್ತಾರೋ ಅನ್ನುವ ಭಯ. ಇಂಗಾಲದ ಹಣ ಬಂದ ಮೇಲಂತೂ ಕೊಡಲಿ ಮುಟ್ಟಲೇಬಾರದು ಅನ್ನುವ ಹಾಗಾಯಿತು. ಪರಿಣಾಮ ನಮ್ಮ ಪೈನ್ ತೋಪಿನಲ್ಲಿ ಕಾಣುತ್ತಿತ್ತು. ಮೂವತ್ತು ವರ್ಷದ ಮರಗಳು, ಕೈಗೊಂದು ಕಾಲಿಗೊಂದು. ಕಡ್ಡಿಯಂತೆ ಉದ್ದ, ತುದಿಯಲ್ಲಿ ಮಾತ್ರ ಹಸಿರು. ಕೆಳಗೆ ಸೂಜಿ ಎಲೆಯ ಹಾಸು, ಒಂದು ಹುಲ್ಲುಕಡ್ಡಿ ಇಲ್ಲ. ಬೇಸಿಗೆಯಲ್ಲಿ ಬೆಂಕಿ ಬಿದ್ದರೆ ಮುಗಿಯಿತು.

ಒಂದೊಂದು ಅರ್ಧ ಹೆಕ್ಟೇರಿನ ಮೂರು ತುಂಡು ಗುರುತು ಹಾಕಿದೆವು. ಒಂದನ್ನು ಹಾಗೇ ಬಿಟ್ಟೆವು. ಒಂದರಲ್ಲಿ ಮೂರಕ್ಕೆ ಒಂದು ಮರ ತೆಗೆದೆವು. ಇನ್ನೊಂದರಲ್ಲಿ ಎರಡಕ್ಕೆ ಒಂದು. ಯಾವ ಮರ ಅಂತ ಆರಿಸುವುದೇ ಕಲಿಕೆ. ನೆಟ್ಟಗಿರುವುದನ್ನು ಕಡಿದು ಡೊಂಕನ್ನು ಉಳಿಸುವುದು ಎಲ್ಲರ ಚಾಳಿ, ಯಾಕೆಂದರೆ ನೆಟ್ಟಗಿದ್ದರೆ ತೊಲೆಯಾಗುತ್ತದೆ. ನಾವು ತಿರುಗಿಸಿ ಮಾಡಿದೆವು. ಮೊದಲ ವರ್ಷ ಲೆಕ್ಕದಲ್ಲಿ ಇಂಗಾಲ ಬಿತ್ತು. ಬೀಳಲೇಬೇಕು. ಹಣ ಕೊಡುವವರ ಕಡೆಯಿಂದ ಬಂದ ತರುಣಿ ಗಾಬರಿಯಾದಳು. ಎರಡನೇ ಮಳೆಗಾಲ ಕಳೆಯುವಷ್ಟರಲ್ಲಿ ಅದೇ ತುಂಡಿನಲ್ಲಿ ಮಂಡಿಯೆತ್ತರ ಹುಲ್ಲು, ನಡುನಡುವೆ ಕಟುಸ್ ಸಸಿ. ಹೆಂಗಸರು ಅಲ್ಲಿಂದ ಮೇವು ಹೊತ್ತುಕೊಂಡು ಹೋಗುವುದನ್ನು ಅವಳಿಗೆ ತೋರಿಸಿದೆ. ಅವಳು ಅದನ್ನೂ ಫೋಟೋ ತೆಗೆದಳು.

ಒಂದು ವಿಷಯ ಮಾತ್ರ ನನಗೆ ಕೊನೆಯವರೆಗೂ ಸರಿಹೋಗಲಿಲ್ಲ. ನಮ್ಮ ಕಾಡು ದಪ್ಪವಾಗುತ್ತಿದ್ದಾಗ ಕಣಿವೆಯ ಆಚೆ ಬದಿಯ ಸರ್ಕಾರಿ ಕಾಡು ಸವೆಯುತ್ತಿತ್ತು. ಇದಕ್ಕೆ ಸೋರಿಕೆ ಅನ್ನುತ್ತಾರೆ. ಪರಿಶೀಲನೆಗೆ ಬಂದವರು ನಕ್ಷೆ ನೋಡಿ ಸೋರಿಕೆ ಇಲ್ಲ ಅಂತ ಬರೆದರು. ಬೆಳಗಿನ ನಾಲ್ಕಕ್ಕೆ ಎದ್ದು ಹೊರಗೆ ನಿಂತಿದ್ದರೆ ಕಾಣುತ್ತಿತ್ತು: ಟಾರ್ಚಿನ ಬೆಳಕುಗಳು ಒಂದರ ಹಿಂದೆ ಒಂದು ಆಚೆ ಬದಿಗೆ ಇಳಿಯುತ್ತಿದ್ದವು. ಬಯೋಗ್ಯಾಸ್ ಕೊಡಿ ಅಂತ ಸಲಹೆ ಬಂತು. ನೇಪಾಳದಲ್ಲಿ 1992ರಿಂದಲೂ ಡಚ್ಚರ ನೆರವಿನಲ್ಲಿ ಬಯೋಗ್ಯಾಸ್ ಕಾರ್ಯಕ್ರಮ ನಡೆದಿದೆ, ಒಳ್ಳೆಯದೇ. ಆದರೆ ಅದಕ್ಕೆ ಸಗಣಿ ಬೇಕು, ಸಗಣಿಗೆ ದನ ಬೇಕು. ಟಾರ್ಚು ಹಿಡಿದು ಹೋಗುತ್ತಿದ್ದ ಮನೆಗಳಲ್ಲಿ ಬಹಳ ಅಂದರೆ ಎರಡು ಆಡು.

ಹಣ ಖರ್ಚು ಮಾಡುವ ಕಾಲದ ಕಥೆಯೂ ಇದೆ. ನೇಪಾಳದ ಹಣಕಾಸು ವರ್ಷ ಮುಗಿಯುವುದು ಅಸಾರ್ ತಿಂಗಳ ಕೊನೆಗೆ, ಜುಲೈ ನಡುವಿಗೆ. ಉಳಿದ ಹಣವನ್ನು ಆ ತಿಂಗಳಲ್ಲಿ ಹೇಗಾದರೂ ಮುಗಿಸುವ ಓಟಕ್ಕೆ ಅಲ್ಲಿ ‘ಅಸಾರೆ ವಿಕಾಸ್’ ಅಂತ ಹೆಸರೇ ಇದೆ. ಹಣ ಕೊಡುವವರ ವರ್ಷ ಮುಗಿಯುವುದು ಡಿಸೆಂಬರಿಗೆ. ಮರ ಅಳೆಯಲು ಸರಿಯಾದ ಕಾಲ ಮಳೆ ಮುಗಿದ ಮೇಲೆ. ಊರಿನವರಿಗೆ ಬಿಡುವಿರುವುದು ಭತ್ತದ ಕೊಯ್ಲು ಆದ ಮೇಲೆ. ಈ ನಾಲ್ಕೂ ಒಂದೇ ದಿನ ಕೂಡಿ ಬಂದ ಉದಾಹರಣೆ ನನ್ನ ನಾಲ್ಕು ವರ್ಷದಲ್ಲಿ ಇಲ್ಲ. ಒಮ್ಮೆ ಅಸಾರ್‌ನಲ್ಲಿ, ಊರೆಲ್ಲ ನಾಟಿ ಗದ್ದೆಯಲ್ಲಿ ಮೊಣಕಾಲು ಕೆಸರಲ್ಲಿ ಇರುವಾಗ, ‘ಹವಾಮಾನ ಜಾಗೃತಿ’ ಸಭೆ ಮಾಡಿದೆ. ಮಾಡಲೇಬೇಕಿತ್ತು, ಬಿಲ್ ಹಾಕಬೇಕಿತ್ತು. ಬಂದದ್ದು ಏಳು ಮುದುಕರು, ಒಂದಷ್ಟು ಮಕ್ಕಳು. ಮಳೆಗೆ ಬ್ಯಾನರ್ ಬಣ್ಣ ಬಿಟ್ಟು ಒಬ್ಬ ಅಜ್ಜನ ಟೋಪಿ ನೀಲಿಯಾಯಿತು.

ಏಪ್ರಿಲ್ 25, 2015. ಶನಿವಾರ. ಭೂಕಂಪ ಆದಾಗ ನಾನು ಕಾಠ್ಮಂಡುವಿನಲ್ಲಿದ್ದೆ. ಊರಿಗೆ ತಲುಪಲು ಹನ್ನೊಂದು ದಿನ ಬೇಕಾಯಿತು. ಕಲ್ಲು, ಮಣ್ಣಿನಲ್ಲಿ ಕಟ್ಟಿದ ಮನೆಗಳಲ್ಲಿ ಹೆಚ್ಚಿನವು ನೆಲಕ್ಕೆ ಕೂತಿದ್ದವು. ಮೇ 12ಕ್ಕೆ ಮತ್ತೆ ನಡುಗಿತು, ಉಳಿದದ್ದೂ ಹೋಯಿತು. ಅಳತೆ, ಕಂತು ಯಾವುದೂ ಯಾರ ತಲೆಯಲ್ಲೂ ಇರಲಿಲ್ಲ. ಸಮಿತಿ ಗದ್ದೆಯಲ್ಲಿ ಪ್ಲಾಸ್ಟಿಕ್ ಹಾಳೆ ಕಟ್ಟಿ ಸಭೆ ಸೇರಿತು. ಮನೆಗೆ ಇಷ್ಟು ಮರ ಅಂತ ಬಿಟ್ಟಿ ಕೊಡುವುದು, ಮೊದಲು ಗಂಡಸರಿಲ್ಲದ ಮನೆಗಳಿಗೆ, ಆಮೇಲೆ ಉಳಿದವರಿಗೆ. ಪೈನ್ ತೋಪಿನಿಂದಲೇ ತೆಗೆಯಬೇಕು, ಹಳ್ಳದ ಬದಿ ಮುಟ್ಟಬಾರದು, ಅಲ್ಲಿ ಮಣ್ಣು ಸಡಿಲವಾಗಿದೆ. ಒಂದೂವರೆ ಗಂಟೆಯಲ್ಲಿ ಎಲ್ಲಾ ತೀರ್ಮಾನ. ಇಂಗಾಲದ ಹಣ ಹೋಗುತ್ತದೆ ಅಂತ ನೆನಪಿಸುವುದು ನನ್ನ ಕೆಲಸವಾಗಿತ್ತು. ನಾನು ಬಾಯಿ ಬಿಡಲಿಲ್ಲ. ಯಾವ ತೋಪಿನಲ್ಲಿ ಎಷ್ಟು ಮರ ತೆಗೆಯಬಹುದು ಅಂತ ಅವರಿಗೆ ಗೊತ್ತಿತ್ತು. ಎರಡು ವರ್ಷದ ಅಳತೆಯ ಪುಸ್ತಕ ಅವರ ಹತ್ತಿರವೇ ಇತ್ತು, ನೇಪಾಳಿಯಲ್ಲಿ, ಅವರದೇ ಕೈಬರಹದಲ್ಲಿ. ನನ್ನ ಕಂಪ್ಯೂಟರ್ ಕಚೇರಿಯ ಗೋಡೆಯ ಕೆಳಗಿತ್ತು.

ಆ ಚಳಿಗಾಲ ಮತ್ತೆ ಅಳೆದೆವು. ನಮೂನೆಯಲ್ಲಿ ಮರಕ್ಕೆ ಮೂರೇ ಗುರುತು: ಬದುಕಿದೆ, ಸತ್ತಿದೆ, ಕಾಣೆ. ಏಳನೇ ತಾಕಿನ ಹನ್ನೊಂದನೇ ಮರ ಕಾಣೆಯಲ್ಲ. ಯಾರ ಮನೆಯ ತೊಲೆ ಅಂತ ಎಲ್ಲರಿಗೂ ಗೊತ್ತಿತ್ತು. ಬಣ್ಣದ ಉಂಗುರ ಇನ್ನೂ ಕಾಣುತ್ತಿತ್ತು, ಅಡುಗೆ ಒಲೆಯ ಮೇಲ್ಗಡೆ.

ಯೋಜನೆ 2016ರ ಕೊನೆಗೆ ಮುಗಿಯಿತು. ಮುಂದಿನ ಹಂತಕ್ಕೆ ಹಣ ಬರಲಿಲ್ಲ. ನೇಪಾಳ ಸರ್ಕಾರ ವಿಶ್ವಬ್ಯಾಂಕಿನ ನಿಧಿಯ ಜೊತೆ ದೊಡ್ಡ ಒಪ್ಪಂದಕ್ಕೆ ಸಹಿ ಹಾಕಿದ್ದು 2021ರಲ್ಲಿ, 4.5 ಕೋಟಿ ಡಾಲರ್‌ವರೆಗೆ. ಆದರೆ ಅದು ಕೆಳಗಿನ ಬಯಲು ಸೀಮೆ ತರಾಯಿಯ 13 ಜಿಲ್ಲೆಗಳಿಗೆ. ನಮ್ಮ ಬೆಟ್ಟಗಳು ಅದರಲ್ಲಿಲ್ಲ. ಊರಿನವರಿಗೆ ಒಟ್ಟು ಸಿಕ್ಕಿದ್ದು ಎರಡು ಕಂತು. ಒಂದರಲ್ಲಿ ನೀರಿನ ಪೈಪು ರಿಪೇರಿ ಮಾಡಿಸಿದರು. ಇನ್ನೊಂದರಲ್ಲಿ ಹೆಂಗಸರ ಗುಂಪು ಸಾಲದ ನಿಧಿ ಶುರು ಮಾಡಿತು.

ಎರಡು ವರ್ಷದ ಹಿಂದೆ ಹಳೆಯ ತಂಡದ ಹುಡುಗನಿಂದ ಫೋನ್ ಬಂತು. ಈಗ ಅವನು ಸಮಿತಿಯ ಕಾರ್ಯದರ್ಶಿ. ಇನ್ನೂ ಅಳೆಯುತ್ತೀರಾ ಅಂತ ಕೇಳಿದೆ. ಅಳೆಯುತ್ತೇವೆ ದಾಯಿ (ಅಣ್ಣ), 28ರಲ್ಲಿ 9 ತಾಕು ಮಾತ್ರ ಅಂದ. ಯಾಕೆ ಆ 9? ಕಾರ್ಯಯೋಜನೆ ನವೀಕರಿಸುವಾಗ ಕಾಡಿನ ಅಂದಾಜು ತೋರಿಸದಿದ್ದರೆ ಮರ ತೆಗೆಯಲು ಇಲಾಖೆ ಒಪ್ಪಿಗೆ ಕೊಡುವುದಿಲ್ಲ. ಮರ ತೆಗೆಯಬೇಕಾದ ಜಾಗದ ತಾಕುಗಳು ಅಷ್ಟೇ ಇರುವುದು. ಉಳಿದವು ಇಂಗಾಲದವರಿಗೆ ಬೇಕಿದ್ದದ್ದು, ನಮಗಲ್ಲ ಅಂದ. ನಾವು ಕೊಟ್ಟ ಎತ್ತರ ಅಳೆಯುವ ಯಂತ್ರ ಬೀರುವಿನಲ್ಲಿದೆಯಂತೆ, ಬ್ಯಾಟರಿ ಸಿಗುವುದಿಲ್ಲ. ಟೇಪು ಎರಡು ಸಲ ಹರಿದು ಹೊಸದು ತಂದಿದ್ದಾರೆ. ಬಿದಿರಿನ ಕೋಲು ಹುಳು ಹಿಡಿದು ಹೋಯಿತು. ಹಳೆಯದಕ್ಕೆ ಹೊಂದಿಸಿ ಹೊಸದು ಕಡಿದಿದ್ದಾರೆ. ಹೊಂದಿಸುವಾಗ ಒಂದು ಬೆರಳು ಉದ್ದವಾಗಿರಬಹುದು ಅಂತ ಅವನಿಗೆ ಅನುಮಾನ, ಅದನ್ನು ಕೇಳಲೆಂದೇ ಫೋನ್ ಮಾಡಿದ್ದ. ಕೋಲು ಬಿಡು, ಉಂಗುರದ ಮೇಲೆ ಟೇಪು ಹಿಡಿ, ಹೊಸ ಮರಕ್ಕೆ ಮಾತ್ರ ಕೋಲು, ಅದನ್ನೂ ಟೇಪಿನಲ್ಲಿ ಒಮ್ಮೆ ಅಳೆದು ಸರಿಮಾಡು ಅಂದೆ. ಉಂಗುರ ಮಾಸಿದೆ ದಾಯಿ, ಈ ಸಲ ಬಣ್ಣಕ್ಕೆ ಸಮಿತಿಯಿಂದ ದುಡ್ಡು ಕೇಳಬೇಕು ಅಂದ.